ಗರ್ಭಕೊರಳಿನ ತಪಾಸಣೆ: ಮಂಚ ಹತ್ತುವ ಮೊದಲೇ ಹೇಳಬೇಕಾದ ಮಾತುಗಳು

ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಿ ಎಂದು ಹೆಣ್ಣುಮಕ್ಕಳಿಗೆ ಹೇಳುವವರು ಈಗ ಸಾಕಷ್ಟು ಮಂದಿ ಇದ್ದಾರೆ. ಆದರೆ ಆ ಕೋಣೆಯೊಳಗೆ ಹೋದ ಮೇಲೆ ಏನೇನು ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಅನೇಕರು ತಪಾಸಣೆಯಿಂದ ದೂರ ಉಳಿಯುವುದಕ್ಕೆ ಅಸಡ್ಡೆಗಿಂತ ಈ ಮೌನವೇ ಹೆಚ್ಚಿನ ಕಾರಣ ಎಂಬುದು ನನ್ನ ಅನುಭವದಿಂದ ಹುಟ್ಟಿದ ಅಭಿಪ್ರಾಯ.

ಗರ್ಭಕೊರಳಿನ ಜೀವಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಸ್ಮಿಯರ್ ಪರೀಕ್ಷೆಗೆ ಮೊದಲ ಬಾರಿ ಹೋದಾಗ ನನಗೆ 34 ವರ್ಷ. ‘ಬಟ್ಟೆ ಸಡಿಲಿಸಿ ಮಲಗಿ’ ಎಂಬುದರ ಹೊರತು ಯಾರೂ ಒಂದು ಮಾತನ್ನೂ ಹೇಳಲಿಲ್ಲ. ಪರದೆಯ ಆಚೆ ಟ್ರೇಯಲ್ಲಿ ಲೋಹದ ಸಲಕರಣೆಗಳನ್ನು ಇಟ್ಟ ಸದ್ದು ಕೇಳಿ ನಾನು ಮೈಯನ್ನೆಲ್ಲ ಬಿಗಿ ಹಿಡಿದೆ; ಬಿಗಿ ಹಿಡಿದಷ್ಟೂ ನೋವು ಹೆಚ್ಚಾಯಿತು. ಮುಂದಿನ ಏಳು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ಎರಡನೆಯ ಸಲ ಬೇರೊಂದು ಕಡೆ ಸಿಕ್ಕ ವೈದ್ಯೆ ಮೊದಲು ಮಾಡಿದ ಕೆಲಸವೆಂದರೆ ಸ್ಪೆಕ್ಯುಲಮ್ ಎಂಬ ಆ ಸಾಧನವನ್ನು ನನ್ನ ಕೈಗೇ ಕೊಟ್ಟದ್ದು. ಬಾತುಕೋಳಿಯ ಕೊಕ್ಕಿನಂತಿದ್ದ ಅದನ್ನು ನಾನೇ ತೆರೆದು ಮುಚ್ಚಿ ನೋಡಿದೆ. ‘ಬೇಡ ಅನ್ನಿಸಿದರೆ ಕೈ ಎತ್ತಿ, ಅಲ್ಲಿಗೇ ನಿಲ್ಲಿಸುತ್ತೇನೆ ಮೇಡಂ’ ಎಂದು ಅವರು ಹೇಳಿದರು. ಕೈ ಎತ್ತುವ ಸಂದರ್ಭವೇ ಬರಲಿಲ್ಲ.

ನಡೆಯುವುದು ಇಷ್ಟು. ಗರ್ಭಕೋಶದ ಬಾಯಿ ಕಾಣಿಸುವಂತೆ ಸ್ಪೆಕ್ಯುಲಮ್‌ನಿಂದ ಯೋನಿಯನ್ನು ಸ್ವಲ್ಪ ಅಗಲಿಸಿ, ಮೃದುವಾದ ಸಣ್ಣ ಬ್ರಷ್‌ನಿಂದ ಅಲ್ಲಿನ ಜೀವಕೋಶಗಳನ್ನು ತೆಗೆದುಕೊಳ್ಳುತ್ತಾರೆ. ಕೆಲವೇ ನಿಮಿಷಗಳ ಕೆಲಸ, ಅರಿವಳಿಕೆ ಬೇಕಿಲ್ಲ. ಒತ್ತಡ ಅನ್ನಿಸುತ್ತದೆ, ಕೆಲವರಿಗೆ ಮುಟ್ಟಿನ ಸೆಳೆತದಂಥ ನೋವೂ ಆಗುತ್ತದೆ. ಏನೂ ಆಗುವುದಿಲ್ಲ ಎಂದು ಸುಳ್ಳು ಹೇಳುವುದು ತಪ್ಪು. ಒಂದೆರಡು ದಿನ ತುಸು ರಕ್ತದ ಕಲೆ ಕಾಣಿಸಬಹುದು. ಸಾಧ್ಯವಾದರೆ ಮುಟ್ಟಿನ ದಿನಗಳನ್ನು ಬಿಟ್ಟು ಹೋಗುವುದು ಒಳ್ಳೆಯದು. ಋತುಬಂಧದ ನಂತರ ಒಣಗುವಿಕೆಯಿಂದ ನೋವು ಹೆಚ್ಚಾಗಬಹುದು, ಆದ್ದರಿಂದ ಚಿಕ್ಕ ಅಳತೆಯ ಸ್ಪೆಕ್ಯುಲಮ್ ಬಳಸಿ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಈ ಕ್ಯಾನ್ಸರಿಗೆ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಎಚ್‌ಪಿವಿ ಎಂಬ ವೈರಾಣುವಿನ ದೀರ್ಘಕಾಲದ ಸೋಂಕೇ ಮೂಲ. ಈ ನಂಟನ್ನು ತೋರಿಸಿದ ಜರ್ಮನ್ ವಿಜ್ಞಾನಿ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಆದ್ದರಿಂದಲೇ ಈಗ ವೈರಾಣುವನ್ನೇ ಹುಡುಕುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆಗೆ ಹೆಚ್ಚು ಒತ್ತು ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ಸಾಮಾನ್ಯ ಮಹಿಳೆಯರು 30ನೇ ವಯಸ್ಸಿನಿಂದ 5ರಿಂದ 10 ವರ್ಷಗಳಿಗೊಮ್ಮೆ ಇದನ್ನು ಮಾಡಿಸಿಕೊಂಡರೆ ಸಾಕು. ಎಚ್‌ಐವಿ ಇರುವವರು 25ರಿಂದಲೇ, 3ರಿಂದ 5 ವರ್ಷಗಳಿಗೊಮ್ಮೆ ಮಾಡಿಸಿಕೊಳ್ಳಬೇಕು. ಈ ಪರೀಕ್ಷೆಗೆ ಮಾದರಿಯನ್ನು ಯೋನಿಯಿಂದ ಮಹಿಳೆಯೇ ತೆಗೆದುಕೊಡಬಹುದು, ಅದಕ್ಕೆ ಸ್ಪೆಕ್ಯುಲಮ್ ಬೇಕಿಲ್ಲ. ಪರರ ಮುಂದೆ ಬಟ್ಟೆ ಸಡಿಲಿಸಲು ಒಪ್ಪದ ಎಷ್ಟೋ ಮಂದಿಗೆ ಇದು ದೊಡ್ಡ ನೆಮ್ಮದಿ ಎಂದು ನನಗೆ ಅನ್ನಿಸುತ್ತದೆ. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ತಪ್ಪುವುದಿಲ್ಲ, ಏಕೆಂದರೆ ಅಪಾಯಕಾರಿಯಾದ ಎಲ್ಲ ಬಗೆಯ ಎಚ್‌ಪಿವಿಗಳನ್ನು ಲಸಿಕೆ ತಡೆಯುವುದಿಲ್ಲ.

ನಿಜವಾದ ಕಷ್ಟ ಆರಂಭವಾಗುವುದು ವರದಿ ಕೈಗೆ ಬಂದಾಗ. ನನ್ನ ಎಚ್‌ಪಿವಿ ಪರೀಕ್ಷೆಯ ವರದಿಯಲ್ಲಿ ‘ಪಾಸಿಟಿವ್’ ಎಂಬ ಪದ ಕಂಡ ಕೂಡಲೇ ನನಗೆ ಕೈಕಾಲು ತಣ್ಣಗಾದವು. ಮೂರು ರಾತ್ರಿ ನಿದ್ದೆ ಬರಲಿಲ್ಲ. ಅದರ ಅರ್ಥ ವೈರಾಣು ಇದೆ ಎಂದಷ್ಟೇ, ಕ್ಯಾನ್ಸರ್ ಇದೆ ಎಂದಲ್ಲ. ಬಹುಪಾಲು ಸೋಂಕುಗಳನ್ನು ದೇಹವೇ ಎರಡು ವರ್ಷಗಳೊಳಗೆ ಹೊರಹಾಕುತ್ತದೆ. ಉಳಿದುಕೊಂಡ ಸೋಂಕು ಕ್ಯಾನ್ಸರ್ ಆಗಲು, ರೋಗನಿರೋಧಕ ಶಕ್ತಿ ಚೆನ್ನಾಗಿರುವವರಲ್ಲಿ, ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಆ ನಡುವಿನ ದೀರ್ಘ ಅವಧಿಯಲ್ಲಿ ಬದಲಾದ ಜೀವಕೋಶಗಳನ್ನು ಗುರುತಿಸಿ ತೆಗೆದುಬಿಡುವುದೇ ತಪಾಸಣೆಯ ಉದ್ದೇಶ. ಕಾಲ್ಪೋಸ್ಕೋಪಿಗೆ ಬರಹೇಳಿದರೆ ಅದು ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಮಸೂರದ ಮೂಲಕ ಮಾಡುವ ಪರೀಕ್ಷೆ. ಬೇಕೆನಿಸಿದರೆ ಆಗಲೇ ಚೂರು ಅಂಗಾಂಶವನ್ನೂ ತೆಗೆಯುತ್ತಾರೆ.

ಇನ್ನೊಂದು ಮಾತನ್ನು ಗಂಡಂದಿರಿಗೂ ಹೇಳಬೇಕಾಗಿದೆ. ಈ ವೈರಾಣು ಲೈಂಗಿಕ ಸಂಪರ್ಕದಿಂದ ಬರುವುದು ನಿಜ, ಆದರೆ ಅದು ಪತ್ತೆಯಾಗದೆ ವರ್ಷಗಟ್ಟಲೆ ಇರಬಲ್ಲದು. ಇಂದು ಪಾಸಿಟಿವ್ ಬಂದ ಮಾತ್ರಕ್ಕೆ ಅದು ಯಾವಾಗ, ಯಾರಿಂದ ಬಂತೆಂದು ಹೇಳಲಾಗದು. ಆ ಕಾಗದವನ್ನು ನಡತೆಯ ಪ್ರಮಾಣಪತ್ರದಂತೆ ಓದುವುದು ಅನ್ಯಾಯ. ಈ ಒಂದು ವಾಕ್ಯವನ್ನು ವರದಿಯ ಜೊತೆಗೇ ಹೇಳುವ ಕರ್ತವ್ಯ ವರದಿ ಕೊಡುವವರದು.

ತಪಾಸಣೆ ಏನೂ ತೊಂದರೆಯಿಲ್ಲದವರಿಗಾಗಿ ಇರುವುದು. ಸಂಭೋಗದ ನಂತರ, ಮುಟ್ಟುಗಳ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತಸ್ರಾವವಾದರೆ, ದುರ್ವಾಸನೆಯ ಬಿಳಿಸೆರಗು ಕಾಣಿಸಿದರೆ, ಹಿಂದಿನ ವರದಿ ಚೆನ್ನಾಗಿತ್ತೆಂದು ಸುಮ್ಮನಿರದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಒಂದು ವರ್ಷದ ಬಳಿಕ ಮತ್ತೆ ಪರೀಕ್ಷೆ ಮಾಡಿದಾಗ ನನ್ನ ಸೋಂಕು ಹೋಗಿತ್ತು. ‘ಮುಟ್ಟು ನಿಂತಿದೆ, ನನಗೇಕೆ’ ಎನ್ನುತ್ತಿದ್ದ ನನ್ನ ಅಕ್ಕ ಈ ತಿಂಗಳು ಮೊದಲ ಬಾರಿ ಹೋಗಲು ಒಪ್ಪಿದ್ದಾಳೆ. ಜೊತೆಗೆ ನಾನಿರುತ್ತೇನೆ. ಸ್ಪೆಕ್ಯುಲಮ್ ಹೇಗಿರುತ್ತದೆ ಎಂದು ಎರಡು ಅಂಗೈಗಳನ್ನು ಜೋಡಿಸಿ ತೋರಿಸಿದ್ದೇನೆ. ಕೈ ಎತ್ತಿದರೆ ನಿಲ್ಲಿಸುತ್ತಾರೆ ಎಂಬುದನ್ನೂ ಹೇಳಿದ್ದೇನೆ.