ಬೇಗ ಮುಗಿದರೆ ಅದು ಮೋಸ ಅಲ್ಲ

ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿರುವಾಗ ಡಬ್ಲ್ಯುಡಬ್ಲ್ಯುಇ ಥರದ ಮನರಂಜನೆಯ ಕುಸ್ತಿ ಪಂದ್ಯವನ್ನು ನಡುವೆಯೇ ಮುಗಿಸುವುದು ನೋಡುಗರಿಗೆ ಮಾಡುವ ಮೋಸ ಅಂತ ನಾನು ಓದಿದ ಒಂದು ಲೇಖನದಲ್ಲಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಫಲಿತಾಂಶ ಮೊದಲೇ ತೀರ್ಮಾನ ಆಗಿರುತ್ತದೆ, ಸರಿ. ಆದರೆ ಬೀಳುವುದು ನಿಜವಾಗಿಯೇ ಬೀಳುವುದು ಅಲ್ವಾ? ಅಮೆರಿಕದ ಇಂಥ ಕುಸ್ತಿಯ ದೊಡ್ಡ ಕಾರ್ಯಕ್ರಮ, 1997ರ ಸಮ್ಮರ್‌ಸ್ಲ್ಯಾಮ್ ನೆನಪಿಸಿಕೊಳ್ಳಿ. ಓವನ್ ಹಾರ್ಟ್ ಹಾಕಿದ ಪೈಲ್‌ಡ್ರೈವರ್ (ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ಕೆಳಕ್ಕೆ ಹಾಕುವ ಪಟ್ಟು) ತಪ್ಪಿತು. ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಅವರ ತಲೆ ನೇರವಾಗಿ ಅಖಾಡಕ್ಕೆ ಬಡಿದು ಕುತ್ತಿಗೆಗೆ ಏಟಾಯಿತು. ಸ್ವಲ್ಪ ಹೊತ್ತು ಕೈಕಾಲೇ ಆಡಲಿಲ್ಲ. ಹಾರ್ಟ್ ಪ್ರೇಕ್ಷಕರನ್ನು ಕೆಣಕುತ್ತಾ ಸಮಯ ಕಳೆದರು. ಆಮೇಲೆ ಆಸ್ಟಿನ್ ತೆವಳಿಕೊಂಡು ಬಂದು, ಒಂದು ಸಣ್ಣ ರೋಲ್‌ಅಪ್ (ಎದುರಾಳಿಯನ್ನು ಉರುಳಿಸಿ, ರೆಫರಿ ಮೂರು ಎಣಿಸುವವರೆಗೆ ಭುಜಗಳನ್ನು ನೆಲಕ್ಕೆ ಒತ್ತುವ ಪಟ್ಟು) ಹಾಕಿ ಮುಗಿಸಿದರು. ಎದುರಾಳಿಯೇ ಅವರನ್ನು ಕಾಪಾಡಿದ್ದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ರೆಫರಿ ಸುಮ್ನೆ ಮೂರು ಎಣಿಸಲು ಇರುವವರಲ್ಲ. ಅವರು ಎರಡು ಕೈ ಮೇಲೆತ್ತಿ ಒಂದಕ್ಕೊಂದು ಅಡ್ಡ ಹಿಡಿದರೆ, ಸಾಮಾನ್ಯವಾಗಿ ಏಟು ನಿಜ, ವೈದ್ಯರು ಬರಬೇಕು ಅಂತ ಅರ್ಥ. ನೇರ ಪ್ರಸಾರದಲ್ಲಿ ಹಿಂದಿನ ಪಂದ್ಯ ಜಾಸ್ತಿ ಎಳೆದರೆ ಮುಂದಿನದಕ್ಕೆ ಸಮಯ ಕಡಿಮೆಯಾಗುತ್ತದೆ. ಆಗ 'ಬೇಗ ಮುಗಿಸಿ' ಎಂಬ ಸೂಚನೆ ರೆಫರಿಯ ಕಿವಿಗೆ ಬರುತ್ತದೆ, ಅವರು ಅದನ್ನು ಆಟಗಾರರಿಗೆ ಮೆಲ್ಲಗೆ ಹೇಳುತ್ತಾರೆ.

ನಾನು ಕೊಡಗಿನವನು. ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದದ್ದೂ ಅದೇ 1997ರಲ್ಲಿ, ಕರಡದಲ್ಲಿ. ಹಾಕಿಯಲ್ಲಿ ಒಬ್ಬರಿಗೆ ಏಟಾದರೆ ಇನ್ನೊಬ್ಬರು ಇಳಿಯುತ್ತಾರೆ, ಆಟ ಮುಂದುವರಿಯುತ್ತದೆ. ಇಬ್ಬರೇ ಇರುವ ಕುಸ್ತಿಯಲ್ಲಿ ಬದಲಿ ಯಾರಿದ್ದಾರೆ? ಕುತ್ತಿಗೆ ಮುರಿದವನನ್ನು ಇನ್ನೂ ಹತ್ತು ನಿಮಿಷ ಆಡು ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.