ಪಚ್ಚುವಿನ ಕಾಲು ದಪ್ಪಗಾದಾಗ ನಾವು ಖುಷಿಪಟ್ಟಿದ್ದೆವು

ಹೋದ ಜುಲೈನಲ್ಲಿ ಪಚ್ಚು ಮನೆಗೆ ಬಂದಾಗ ನನ್ನ ಅಂಗೈಯಲ್ಲಿ ಕೂರುತ್ತಿತ್ತು. ಬಾಲ ಮಾತ್ರ ಮಣಿಕಟ್ಟು ದಾಟಿ ಇಳಿಬೀಳುತ್ತಿತ್ತು. ಎಳೆ ಬಾಳೆ ಸುಳಿಯ ಹಸಿರು. ಮಗ ತನ್ನ ಉಳಿತಾಯದ ದುಡ್ಡಿನಲ್ಲಿ ಅಂಗಡಿಯಿಂದ ತಂದಿದ್ದ ಇಗ್ವಾನಾ ಮರಿ. ನಮ್ಮತ್ತೆ ನೋಡಿದವರೇ, ‘ಇದೇನೋ ಓತಿಕ್ಯಾತ ತಂದಿದ್ದೀಯ, ಬಿಟ್ಟು ಬಾ ಹೋಗು’ ಅಂದಿದ್ದರು. ಮೂರನೇ ದಿನಕ್ಕೆ ಅವರೇ ಸೊಪ್ಪು ಹೆಚ್ಚಿ ಕೊಡುತ್ತಿದ್ದರು.

ಪಕ್ಕದ ಮನೆಯವರು ಉಡ ಅಂದುಕೊಂಡು ಗಾಬರಿಯಾಗಿದ್ದರು. ಉಡ ನಮ್ಮ ನೆಲದ ಪ್ರಾಣಿ, ಮಾಂಸ ತಿನ್ನುತ್ತದೆ, ಅದನ್ನು ಸಾಕುವುದು ಅಪರಾಧ. ಇಗ್ವಾನಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನದು. ಪೂರ್ತಿ ಸೊಪ್ಪು ತಿಂದು ಬದುಕುವ ಪ್ರಾಣಿ.

ಅಂಗಡಿಯವರು ಹೇಳಿದ್ದು ಇಷ್ಟೇ. ಗಾಜಿನ ಪೆಟ್ಟಿಗೆಯಲ್ಲಿಡಿ, ಕಿಟಕಿ ಪಕ್ಕ ಬಿಸಿಲು ಬರುವ ಕಡೆ ಇಡಿ, ಎಲೆಕೋಸು, ಪಾಲಕ್, ಸೌತೆಕಾಯಿ ಹಾಕಿ, ರಾತ್ರಿ ಒಂದು ಮಾಮೂಲಿ ಬಲ್ಬ್ ಸಾಕು. ನಾವು ಶ್ರದ್ಧೆಯಿಂದ ಅಷ್ಟನ್ನೂ ಮಾಡಿದೆವು. ನವೆಂಬರ್ ಹೊತ್ತಿಗೆ ಅದರ ಹಿಂಗಾಲು ಗುಂಡಗೆ, ದಪ್ಪಗೆ ಆದವು. ಎಷ್ಟು ಚೆನ್ನಾಗಿ ಬೆಳೀತಿದೆ ನೋಡಿ ಅಂತ ನಾನೇ ಇಲ್ಲಿ ಫೋಟೋ ಹಾಕಿದ್ದೆ. ನಿಮ್ಮಲ್ಲಿ ತುಂಬಾ ಜನ ಹಾರ್ಟ್ ಒತ್ತಿದ್ದಿರಿ. ಆ ಫೋಟೋ ಅಳಿಸಿಲ್ಲ. ಯಾಕೆಂದರೆ ಅದು ಕಾಯಿಲೆಯ ಫೋಟೋ, ಜನ ಅದನ್ನು ನೋಡಬೇಕು.

ಡಿಸೆಂಬರ್‌ನ ಒಂದು ರಾತ್ರಿ ಮಗ ಎಬ್ಬಿಸಿದ. ‘ಅಮ್ಮಾ, ಪಚ್ಚು ಬೆರಳು ನೋಡು.’ ಮುಂಗಾಲಿನ ಬೆರಳುಗಳು ತಾವಾಗಿಯೇ ಪಟಪಟ ಅದುರುತ್ತಿದ್ದವು. ಹೊಟ್ಟೆ ನೆಲಕ್ಕೆ ಅಂಟಿತ್ತು. ಮೈ ಎತ್ತಿ ನಿಲ್ಲಲು ಆಗುತ್ತಿರಲಿಲ್ಲ. ಬೆಳಗ್ಗೆ ಎರಡು ಕ್ಲಿನಿಕ್‌ಗೆ ಹೋದೆವು. ನಾವು ನಾಯಿ, ಬೆಕ್ಕು ಮಾತ್ರ ನೋಡೋದು ಅಂದರು. ಮೂರನೆಯ ಕಡೆ ಸಿಕ್ಕ ಡಾಕ್ಟರ್ ಒಂದು ಬೆರಳಿನಿಂದ ಅದರ ಕೆಳದವಡೆಯನ್ನು ಮೆಲ್ಲಗೆ ಮುಟ್ಟಿದರು. ದವಡೆ ರಬ್ಬರಿನ ಹಾಗೆ ಬಾಗಿತು. ಎಕ್ಸ್‌ರೇಯಲ್ಲಿ ಮೂಳೆಗಳು ಬೆಳ್ಳಗೆ ಕಾಣಬೇಕಲ್ವಾ? ಪಚ್ಚುವಿನದ್ದು ಮಾಂಸದ ಜೊತೆ ಬೆರೆತುಹೋದ ಹಾಗೆ ಮಸುಕಾಗಿತ್ತು.

ಅವರು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಬಿಸಿಲಿನಲ್ಲಿ ಯುವಿಬಿ ಅನ್ನೋ ಕಿರಣ ಇದೆ. ಅದು ಚರ್ಮಕ್ಕೆ ಬಿದ್ದರೆ ಮಾತ್ರ ಇಗ್ವಾನಾ ಮೈಯಲ್ಲಿ ಸಾಕಷ್ಟು ವಿಟಮಿನ್ ಡಿ3 ತಯಾರಾಗುತ್ತದೆ. ಡಿ3 ಇಲ್ಲದಿದ್ದರೆ ತಿಂದ ಸೊಪ್ಪಿನ ಕ್ಯಾಲ್ಸಿಯಂ ರಕ್ತಕ್ಕೆ ಸೇರುವುದಿಲ್ಲ. ಆದರೆ ಹೃದಯಕ್ಕೂ ನರಕ್ಕೂ ಕ್ಯಾಲ್ಸಿಯಂ ಬೇಕೇ ಬೇಕು. ಆಗ ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಖಾಲಿಯಾದ ಮೂಳೆಗೆ ಆಸರೆಯಾಗಿ ನಾರಿನಂಥ ಅಂಗಾಂಶ ಬೆಳೆದು ಕಾಲು ಊದುತ್ತದೆ. ನಾವು ಖುಷಿಪಟ್ಟ ದಪ್ಪ ಕಾಲು ಅದು.

ಕಿಟಕಿ ಬಿಸಿಲು ಏನಾಯಿತು ಅಂತ ಕೇಳಿದೆ. ಗಾಜು ಆ ಕಿರಣವನ್ನು ತಡೆದುಬಿಡುತ್ತದಂತೆ. ಐದು ತಿಂಗಳು ಪಚ್ಚು ಬಿಸಿಲಿನ ಪಕ್ಕದಲ್ಲೇ ಇದ್ದು ಬಿಸಿಲೇ ಸಿಗದೆ ಸೊರಗಿದೆ. ವರ್ಷದ ಬಹುಪಾಲು ಬಿಸಿಲಿರುವ ಬೆಂಗಳೂರಿನಲ್ಲಿ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಕಿವುಚುತ್ತದೆ. ಪಾಲಕ್‌ನಲ್ಲಿರುವ ಆಕ್ಸಲೇಟ್ ಅನ್ನೋ ಅಂಶ ಇದ್ದಬದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ನಮ್ಮ ಡಿಸೆಂಬರ್ ಚಳಿ, ರಾತ್ರಿ 15, 16 ಡಿಗ್ರಿ. ಮೈ ಬಿಸಿಯಾಗದೆ ಇಗ್ವಾನಾಗೆ ತಿಂದದ್ದು ಜೀರ್ಣವಾಗುವುದಿಲ್ಲ.

ಆಮೇಲಿನ ಮೂರು ತಿಂಗಳು ಮನೆಯವರೆಲ್ಲರ ದಿನಚರಿ ಬದಲಾಯಿತು. ಡಾಕ್ಟರ್ ತೂಕ ನೋಡಿ ಬರೆದಷ್ಟೇ ಕ್ಯಾಲ್ಸಿಯಂ ಸಿರಪ್, ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಬಾಯಿಯ ಪಕ್ಕದಿಂದ ಹನಿ ಹನಿಯಾಗಿ. ದವಡೆ ಎಳೆದು ತೆರೆಯುವ ಹಾಗಿಲ್ಲ, ಮುರಿದೀತು. ಎತ್ತುವಾಗ ಎದೆಗೂ ಹೊಟ್ಟೆಗೂ ಪೂರ್ತಿ ಅಂಗೈ ಕೊಡಬೇಕು. ಹತ್ತಲು ಇಟ್ಟಿದ್ದ ಕೊಂಬೆಗಳನ್ನೆಲ್ಲ ತೆಗೆದೆವು, ಬಿದ್ದರೆ ಬೆನ್ನುಮೂಳೆಯೇ ಹೋಗುತ್ತದೆ ಅಂದಿದ್ದರು. ಪೆಟ್ಟಿಗೆಗೆ ಯುವಿಬಿ ಟ್ಯೂಬ್ ಬಂತು, ಮೈ ಕಾಯಿಸಿಕೊಳ್ಳುವ ಜಾಗದಲ್ಲಿ 35 ಡಿಗ್ರಿ, ರಾತ್ರಿಗೆ ಬೆಳಕು ಕೊಡದ ಸೆರಾಮಿಕ್ ಹೀಟರ್, ಅದರ ಬಿಸಿ ಹದದಲ್ಲಿಡಲು ಒಂದು ಥರ್ಮೋಸ್ಟಾಟ್. ಖರ್ಚು ಮರಿಯ ಬೆಲೆಯನ್ನು ಯಾವಾಗಲೋ ದಾಟಿತು. ಮರಿ ಮಾರುವಾಗಲೇ ಇದನ್ನು ಹೇಳಬೇಕಿತ್ತು. ಹೇಳಿದ್ದರೆ ಬಹುಶಃ ನಾವು ಕೊಳ್ಳುತ್ತಿರಲಿಲ್ಲ.

ಬೆಳಗ್ಗೆ ಎಂಟೂವರೆಗೆ ತಾರಸಿ ಮೇಲೆ ತಂತಿಬಲೆಯ ಗೂಡಿನಲ್ಲಿ ನಿಜವಾದ ಬಿಸಿಲು. ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗೆ ಇಡಲೇಬಾರದು, ಒಳಗೆ ಬೆಂದುಹೋಗುತ್ತದೆ. ಗೂಡಿನ ಅರ್ಧಕ್ಕೆ ನೆರಳು ಇರಬೇಕು, ಪಕ್ಕದಲ್ಲಿ ಯಾರಾದರೂ ಕೂತಿರಬೇಕು. ನಮ್ಮ ಆಕಾಶದಲ್ಲಿ ಹದ್ದುಗಳಿಗೆ ಕಡಿಮೆಯಿಲ್ಲ. ಅತ್ತೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಸೊಪ್ಪಿನ ವಿಷಯದಲ್ಲಿ ಮಾತ್ರ ನಾವು ಪುಣ್ಯವಂತರು. ಹಿತ್ತಲಲ್ಲಿ ನುಗ್ಗೆ ಮರ ಇದೆ. ಎದುರು ಮನೆಯವರ ದಾಸವಾಳದ ಎಲೆ, ಹೂವು ಎರಡೂ ಅದಕ್ಕೆ ಒಳ್ಳೆಯ ಊಟ. ರಾಮನಗರದ ನನ್ನ ತಮ್ಮ ಹಿಪ್ಪುನೇರಳೆ ಸೊಪ್ಪು ತಂದುಕೊಟ್ಟ. ಔಷಧಿ ಹೊಡೆಯದ ತೋಟದ್ದು ಅಂತ ಕೇಳಿ ಕೇಳಿ ತಂದ. ಶಕ್ತಿ ಬರಲಿ, ಮೊಟ್ಟೆ ಕೊಡಿ, ನಾಯಿ ಬಿಸ್ಕತ್ ನೆನೆಸಿ ಕೊಡಿ ಅಂತ ಸಲಹೆ ಕೊಟ್ಟವರಿಗೆಲ್ಲ ಒಂದೇ ಮಾತು: ಪ್ರಾಣಿಜನ್ಯ ಪ್ರೋಟೀನ್ ಇದರ ಕಿಡ್ನಿಯನ್ನು ಹಾಳು ಮಾಡುತ್ತದೆ. ಕೊಡಬೇಡಿ. ಹಾಗೇ ಇನ್ನೊಂದು, ಅದು ಸೀನಿದಾಗ ಗಾಜಿನ ಮೇಲೆ ಬಿಳಿ ಪುಡಿ ಕಂಡರೆ ಹೆದರಬೇಡಿ. ಮೈಯಲ್ಲಿ ಜಾಸ್ತಿಯಾದ ಉಪ್ಪನ್ನು ಇಗ್ವಾನಾ ಮೂಗಿನಿಂದ ಹೊರಹಾಕುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಡುಗೆಮನೆ ಸಿಂಕ್‌ನಲ್ಲಿ ಅದಕ್ಕೆ ಸ್ನಾನ ಬೇಡ.

ನನ್ನ ಅಭಿಪ್ರಾಯ ಕೆಲವರಿಗೆ ಬೇಜಾರು ತರಬಹುದು. ಮರಿ ಮುದ್ದಾಗಿದೆ ಅಂತ ಇಗ್ವಾನಾ ಕೊಳ್ಳಬೇಡಿ. ಅದು ಬಾಲ ಸೇರಿ ಐದು ಅಡಿಗೂ ಉದ್ದ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 15 ವರ್ಷಕ್ಕೂ ಜಾಸ್ತಿ ಬದುಕುತ್ತದೆ. ನಮ್ಮ ಎರಡು ಬೆಡ್‌ರೂಮಿನ ಮನೆಗಳಲ್ಲಿ ಅಷ್ಟು ಜಾಗ ಎಲ್ಲಿದೆ? 2023ರ ಆಗಸ್ಟ್‌ನಲ್ಲಿ ನಮ್ಮ ವಿಮಾನ ನಿಲ್ದಾಣದಲ್ಲೇ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಬ್ಯಾಗಿನಲ್ಲಿ 234 ಪ್ರಾಣಿಗಳು ಸಿಕ್ಕಿದ್ದವು. ಅದರಲ್ಲಿ ಇಗ್ವಾನಾಗಳೂ ಇದ್ದವು. ಕಾಂಗರೂ ಮರಿಯೊಂದು ಉಸಿರುಗಟ್ಟಿ ಸತ್ತಿತ್ತು. ಕೊಳ್ಳುವ ನಾವಿರುವುದರಿಂದಲೇ ತರುವವರಿದ್ದಾರೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ನಿಯಮವೂ ಬಂದು, ಇಂಥ ವಿದೇಶಿ ಪ್ರಾಣಿ ಸಾಕಿದವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತಾಗಿದೆ. ಅಂಗಡಿಯಲ್ಲಿ ಒಬ್ಬರೂ ಅದರ ಮಾತೆತ್ತಲಿಲ್ಲ. ಆ ಕಾಗದಕ್ಕಾಗಿ ತಡವಾಗಿ ನಾವೀಗ ಓಡಾಡುತ್ತಿದ್ದೇವೆ.

ಪಚ್ಚುವಿನ ದವಡೆ ಗಟ್ಟಿಯಾಗಿದೆ. ಬೆನ್ನು ಒಂದು ಕಡೆ ಸ್ವಲ್ಪ ಸೊಟ್ಟ, ಅದು ಹಾಗೇ ಉಳಿಯುತ್ತದಂತೆ. ಹೋದ ವಾರ ದಾಸವಾಳದ ಹೂವನ್ನು ತಾನೇ ಕಚ್ಚಿ ಎಳೆದು ತಿಂದಿತು. ಅತ್ತೆ ಕಣ್ಣೊರೆಸಿಕೊಂಡರು. ಟ್ಯೂಬ್ ಹಾಕಿದ ತಾರೀಖನ್ನು ಮಗ ಗೋಡೆ ಮೇಲೆ ಬರೆದಿಟ್ಟಿದ್ದಾನೆ. ಅದು ಉರಿಯುತ್ತಲೇ ಇದ್ದರೂ ಯುವಿಬಿ ಕಡಿಮೆಯಾಗುತ್ತಾ ಹೋಗುತ್ತದೆ, ಕಾಲಕಾಲಕ್ಕೆ ಬದಲಾಯಿಸಬೇಕು.

ಈಗಾಗಲೇ ಮನೆಯಲ್ಲಿ ಇಗ್ವಾನಾ ಇರುವವರು ಇವತ್ತೇ ಅದರ ಕಾಲು, ದವಡೆ, ಬೆರಳು ಗಮನಿಸಿ. ಒತ್ತಿ ನೋಡಬೇಡಿ, ಸುಮ್ನೆ ಕಣ್ಣಿನಿಂದ ನೋಡಿ. ಅನುಮಾನ ಬಂದರೆ ಸರೀಸೃಪಗಳನ್ನು ನೋಡುವ ಡಾಕ್ಟರ್ ಹತ್ತಿರವೇ ಹೋಗಿ. ಬನಶಂಕರಿ ಕಡೆಯವರಿದ್ದರೆ ನನಗೆ ಮೆಸೇಜ್ ಹಾಕಿ. ನಮ್ಮ ನುಗ್ಗೆ ಮರಕ್ಕೆ ಔಷಧಿ ಹೊಡೆಯುವುದಿಲ್ಲ. ಬೇಕಾದಷ್ಟು ಸೊಪ್ಪು ಕಿತ್ತುಕೊಂಡು ಹೋಗಿ.