ಪೈಲಟ್‌ಗಳಿಗೆ ಏನು ಕಡಿಮೆಯಾಗಿದೆ ಎಂದು ಕೇಳಿದವರಿಗೆ

ಬೆಳಿಗ್ಗೆ ಅಪ್ಪನ ಕೆರೆಗೆ ಎರಡು ಸುತ್ತು ಹಾಕಿ, ಎಂದಿನ ಅಂಗಡಿಯಲ್ಲಿ ಸುಸಲಾ, ಮಿರ್ಚಿ ತಿನ್ನುತ್ತ ಕುಳಿತಿದ್ದೆವು. ತರಬೇತಿಯ ಪುಟ್ಟ ವಿಮಾನವೊಂದು ತಲೆಯ ಮೇಲೆ ಗುಂಯ್‌ಗುಡುತ್ತ ಹೋಯಿತು. ಕಲಬುರಗಿಗೆ ಪೈಲಟ್ ತರಬೇತಿ ಶಾಲೆಗಳು ಬಂದ ಮೇಲೆ ಇದು ನಮಗೆ ಕಾಗೆ ಹಾರಿದಷ್ಟೇ ಮಾಮೂಲು. ಆದರೆ ನಮ್ಮ ಗುಂಪಿನ ನಿವೃತ್ತ ಪ್ರಾಚಾರ್ಯರು ಅದನ್ನು ನೋಡಿದವರೇ ನನ್ನ ಕಡೆ ತಿರುಗಿದರು.

“ಸಾಹೇಬರೇ, ನಿಮ್ಮ ತಂಗಿಯ ಮಗ ಹೇಗಿದ್ದಾನೆ? ವಿಮಾನ ಕಂಪನಿಗಳು ಒಂದಾದ ಮೇಲೆ ಪೈಲಟ್‌ಗಳದು ಬರೀ ಗೋಳಂತೆ. ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವವರಿಗೆ ಏನು ಕಡಿಮೆಯಾಗಿದೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಲ್ಲಿ ಮಿರ್ಚಿ ಇತ್ತು ಎಂಬುದು ನೆಪ. ನನಗೆ ಸಿಟ್ಟು ಯಾವಾಗಲೂ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆಯೇ ಬರುವುದು. ಈಗ ಬಂದಿದೆ, ಬರೆಯುತ್ತಿದ್ದೇನೆ.

ನಮ್ಮ ಹುಡುಗನ ಕಂಪನಿಯ ಹೆಸರು ಬರೆಯುವುದಿಲ್ಲ. ಅವನ ಅಪ್ಪ ನಾಲ್ಕು ಎಕರೆ ತೊಗರಿ ಹೊಲ ಮಾರಿ, ಮೇಲೊಂದು ಬ್ಯಾಂಕ್ ಸಾಲ ಮಾಡಿ ಓದಿಸಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. 200 ಗಂಟೆ ಹಾರಿ ಲೈಸೆನ್ಸ್ ಪಡೆದ ಮೇಲೂ ಒಂದೊಂದು ಮಾದರಿಯ ವಿಮಾನಕ್ಕೆ ಬೇರೆ ತರಬೇತಿ, ಅದಕ್ಕೆ ಬೇರೆ ದುಡ್ಡು. ಅಷ್ಟೆಲ್ಲ ಆಗಿ ಬಲಗಡೆಯ ಕುರ್ಚಿಯಲ್ಲಿ ಕೋ-ಪೈಲಟ್ ಆಗಿ ಕುಳಿತ. ಎಡಗಡೆಯ ಕುರ್ಚಿ ಕ್ಯಾಪ್ಟನ್‌ದು. ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಎರಡು ಅಡಿ ಅಂತರವೂ ಇಲ್ಲ. ಅದನ್ನು ದಾಟಲು ವರ್ಷಗಳು ಬೇಕು. ಗಂಟೆಗಳು ತುಂಬಬೇಕು, ಪರೀಕ್ಷೆ ಪಾಸಾಗಬೇಕು, ಆಮೇಲೂ ಯಾರು ಮುಂದೆ, ಯಾರು ಹಿಂದೆ ಎನ್ನುವ ಸೀನಿಯಾರಿಟಿ ಪಟ್ಟಿಯಲ್ಲಿ ಸರದಿ ಬರಬೇಕು. ಇವನ ಸರದಿ ಇನ್ನೇನು ಬಂತು ಎನ್ನುವಾಗ ಕಂಪನಿ ಇನ್ನೊಂದರ ಜೊತೆ ಒಂದಾಯಿತು. ಎರಡು ಪಟ್ಟಿಗಳನ್ನು ಹೆಣೆದರು. ಇವನ ಮುಂದೆ ನೂರಾರು ಜನ ಬಂದು ನಿಂತರು. ಅವರಲ್ಲಿ ಇವನಿಗಿಂತ ಆಮೇಲೆ ಸೇರಿದವರೂ ಇದ್ದಾರೆ.

ಸಂಬಳದ್ದೂ ಒಂದು ಕಥೆ ಇದೆ. ಪೈಲಟ್‌ಗಳಿಗೆ ತಿಂಗಳಿಗೆ ಇಷ್ಟು ಗಂಟೆ ಎಂದು ಖಾತ್ರಿ ಇರುತ್ತದೆ. ಹಾರಿದರೂ ಹಾರದಿದ್ದರೂ ಅಷ್ಟರ ದುಡ್ಡು ಬರುತ್ತದೆ. ಹೊಸ ಒಪ್ಪಂದದಲ್ಲಿ ಆ ಖಾತ್ರಿಯನ್ನೇ ಕತ್ತರಿಸಿದರು. ಸಾಲದ ಕಂತನ್ನು ಮಾತ್ರ ಯಾರೂ ಕತ್ತರಿಸಲಿಲ್ಲ. ಆದರೂ ಹುಡುಗ ದುಡ್ಡಿನ ಮಾತು ಆಡಿದ್ದು ಕಡಿಮೆ. “ಮಾಮಾ, ಸಂಬಳ ಇವತ್ತು ಇಳಿದರೆ ನಾಳೆ ಏರುತ್ತದೆ. ಪಟ್ಟಿಯಲ್ಲಿ ಇಳಿದ ನಂಬರ್ ಏರುವುದಿಲ್ಲ” ಎಂದ. ಯಾವ ವಿಮಾನ, ಯಾವ ಊರಿನಲ್ಲಿ ವಾಸ, ಯಾವ ಹಬ್ಬಕ್ಕೆ ರಜೆ, ಎಲ್ಲವೂ ಆ ನಂಬರ್‌ನಿಂದಲೇ. ಶರಣಬಸವೇಶ್ವರ ಜಾತ್ರೆಗೆ ಎರಡು ವರ್ಷದಿಂದ ಅವನು ಬಂದಿಲ್ಲ. ಬೇಡವೆಂದರೆ ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋಗಲಿ ಎನ್ನುತ್ತೀರಾ? ಅಲ್ಲಿ ಮತ್ತೆ ಪಟ್ಟಿಯ ತಳದಿಂದ ಆರಂಭ.

ಇದೇನು ಹೊಸ ರೋಗವಲ್ಲ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವಲ್ಲ, ಆಗ ಏನಾಯಿತು? ಒಂದು ಕಡೆಯವರು ವಿದೇಶಕ್ಕೆ ದೊಡ್ಡ ವಿಮಾನ ಹಾರಿಸುತ್ತಿದ್ದವರು, ಇನ್ನೊಂದು ಕಡೆಯವರು ಹೆಚ್ಚಾಗಿ ದೇಶದೊಳಗೆ. 2011ರಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಸಮಾನ ಸಂಬಳ ಕೊಡಿ ಎಂದು ಮುಷ್ಕರ ಹೂಡಿದರು. ಮರುವರ್ಷ ಏರ್ ಇಂಡಿಯಾ ಕಡೆಯವರ ಸರದಿ. ಹೊಸದಾಗಿ ಬರುವ ಡ್ರೀಮ್‌ಲೈನರ್ ವಿಮಾನದ ತರಬೇತಿಯನ್ನು ಆ ಕಡೆಯವರಿಗೂ ಕೊಟ್ಟರೆ ನಮ್ಮ ಬಡ್ತಿಯ ಗತಿ ಏನು ಎಂದು 58 ದಿನ ಕೆಲಸಕ್ಕೆ ಬರಲಿಲ್ಲ. ಎರಡು ಮುಷ್ಕರಗಳ ನಡುವೆ, ಎರಡೂ ಕಡೆಯವರನ್ನು ಹೊಂದಿಸಲು ಧರ್ಮಾಧಿಕಾರಿ ಸಮಿತಿ ಬಂತು, ವರದಿಯೂ ಬಂತು. ವಿಮಾನದ ಮೇಲಿನ ಹೆಸರು ಒಂದೇ, ಒಳಗಿನ ಮನಸ್ಸು ಎರಡು.

ಅಮೆರಿಕದ್ದು ಇನ್ನೂ ಚೆಂದ. ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ 2005ರಲ್ಲಿ ಕೂಡಿದವು. 2007ರಲ್ಲಿ ಎರಡು ಪಟ್ಟಿ ಹೆಣೆಯುವ ಬಗ್ಗೆ ಮಧ್ಯಸ್ಥಗಾರ ತೀರ್ಪು ಕೊಟ್ಟ. ಯುಎಸ್ ಏರ್‌ವೇಸ್‌ನಲ್ಲಿ ಹದಿನೈದು ವರ್ಷ ದಾಟಿದವರು ಕೂಡ ಅಮೆರಿಕ ವೆಸ್ಟ್‌ಗೆ ಆಗಷ್ಟೇ ಸೇರಿದವರಿಗಿಂತ ಕೆಳಗೆ ಬಿದ್ದರು. ಅವರು ಸಿಟ್ಟಿನಲ್ಲಿ ತಮ್ಮ ಪೈಲಟ್ ಸಂಘವನ್ನೇ ಬದಲಿಸಿಬಿಟ್ಟರು. 2013ರಲ್ಲಿ ಆ ಕಂಪನಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಸೇರುವಾಗಲೂ ಎರಡು ಗುಂಪಿನ ಪೈಲಟ್‌ಗಳು ಬೇರೆ ಬೇರೆಯಾಗಿಯೇ ಹಾರುತ್ತಿದ್ದರು. ಅವರಿಗೂ ಸಂಬಳ ಚೆನ್ನಾಗಿಯೇ ಇತ್ತು, ಪ್ರಾಚಾರ್ಯರೇ.

ಇನ್ನು ನಮ್ಮ ಪ್ರಾಚಾರ್ಯರ ಮಾತಿಗೆ ಬರುತ್ತೇನೆ. ಇವರು ಉಪನ್ಯಾಸಕರಾಗಿದ್ದಾಗ ಪಟ್ಟಿಯಲ್ಲಿ ತಮ್ಮ ಹಿಂದಿನ ಒಬ್ಬರನ್ನು ಮುಂದೆ ಹಾಕಿದರೆಂದು ವರ್ಷಗಟ್ಟಲೆ ಕೋರ್ಟು ಸುತ್ತಿದವರು. ಒಂದೇ ಒಂದು ಸ್ಥಾನಕ್ಕೆ! ಗೆದ್ದ ದಿನ ನಮಗೆಲ್ಲ ಪೇಢೆ ಹಂಚಿದ್ದರು. ಆಗ ಯಾರೂ “ನಿಮಗೆ ಸಂಬಳ ಬರುತ್ತಿದೆಯಲ್ಲ, ಏನು ಕಡಿಮೆ” ಎಂದು ಕೇಳಲಿಲ್ಲ. ಪೇಢೆ ತಿಂದೆವು.

ಅಲ್ಲದೆ ಸೀನಿಯಾರಿಟಿ ಎಂದರೆ ಏನೆಂದು ಈ ಭಾಗದವರಿಗೆ ಹೊರಗಿನವರು ಬಂದು ಹೇಳಬೇಕೇ? 1956ರ ನವೆಂಬರ್ 1ರಂದು ಗುಲ್ಬರ್ಗ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ನಮ್ಮ ಅಪ್ಪ ಕಂದಾಯ ಇಲಾಖೆಯಲ್ಲಿ ಗುಮಾಸ್ತ. ಅಲ್ಲಿಯವರೆಗೆ ಉರ್ದುವಿನಲ್ಲಿ ಕಡತ ಬರೆದ ಕೈ. ಮೈಸೂರು, ಹೈದರಾಬಾದ್, ಮುಂಬೈ, ಮದ್ರಾಸ್, ಕೊಡಗು, ಐದೂ ಕಡೆಯ ನೌಕರರನ್ನು ಒಂದೇ ಪಟ್ಟಿಗೆ ತರುವ ಕೆಲಸ, ಅದರ ವ್ಯಾಜ್ಯ ಎಷ್ಟೋ ವರ್ಷ ನಡೆಯಿತು. ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಪ್ಪ ಕೋರ್ಟಿಗೆ ಹೋಗಲಿಲ್ಲ. ಪ್ರತಿ ಹೊಸ ಪಟ್ಟಿ ಬಂದಾಗ ಕಂದೀಲಿನ ಮುಂದೆ ಕುಳಿತು ಬೆರಳಿಟ್ಟು ತಮ್ಮ ಹೆಸರು ಹುಡುಕುತ್ತಿದ್ದರು. ಬೆರಳು ಪ್ರತಿಸಲ ಸ್ವಲ್ಪ ಕೆಳಗೆ ಹೋಗಿ ನಿಲ್ಲುತ್ತಿತ್ತು. ಅವ್ವ ಆ ಹೊತ್ತಿನಲ್ಲಿ ಊಟಕ್ಕೆ ಕರೆಯುತ್ತಿರಲಿಲ್ಲ.

“ಯಾವ ಪಟ್ಟಿ ಮಾಡಿದರೂ ಅರ್ಧ ಜನ ಬೈಯುತ್ತಾರೆ, ಕಂಪನಿ ಮುಳುಗಿದರೆ ನಂಬರ್ ಇಟ್ಟುಕೊಂಡು ಏನು ಮಾಡುತ್ತಾರೆ” ಎಂದು ಯಾರಾದರೂ ಕೆಳಗೆ ಬರೆಯುವವರಿದ್ದೀರಿ. ಸರಿ. ಎಲ್ಲರಿಗೂ ಒಪ್ಪುವ ಪಟ್ಟಿ ಇಲ್ಲ, ಒಪ್ಪಿದೆ. ಆದರೆ ಈ ಮಾತು ಹೇಳುವವರ ಹೆಸರು ಯಾವ ಪಟ್ಟಿಯಲ್ಲೂ ಕೆಳಗೆ ಇಳಿದದ್ದನ್ನು ನಾನು ಕಂಡಿಲ್ಲ. ಸೇರಿದ ದಿನ ಲೆಕ್ಕಕ್ಕೋ, ಬಡ್ತಿ ಪಡೆದ ದಿನ ಲೆಕ್ಕಕ್ಕೋ ಎಂದು ಒಂದು ಸಾಲು ಬರೆಯುವವನಿಗೆ ಅದು ಒಂದು ಸಾಲು ಮಾತ್ರ.

ಆ ಸಾಲಿನ ಬಗ್ಗೆ ನನಗೆ ಹೇಗೆ ಗೊತ್ತು ಎಂದರೆ, ನಾನು ಅದರಿಂದ ಲಾಭ ಪಡೆದವನು. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ. ನಮ್ಮ ಬ್ಯಾಂಕ್ ಇನ್ನೊಂದರ ಜೊತೆ ಒಂದಾದಾಗ ಬಡ್ತಿ ಪಡೆದ ದಿನವನ್ನೇ ಲೆಕ್ಕಕ್ಕೆ ಹಿಡಿದರು. ನಮ್ಮಲ್ಲಿ ಬಡ್ತಿ ಬೇಗ ಸಿಗುತ್ತಿತ್ತು, ಅವರಲ್ಲಿ ತಡ. ಆ ಬ್ಯಾಂಕಿನ ಒಬ್ಬರು ನನಗಿಂತ ಮೂರು ವರ್ಷ ಮೊದಲು ಸೇರಿದವರು. ಜಂಟಿ ಸಭೆಗಳಲ್ಲಿ ನಾನು ಅವರನ್ನು “ಸರ್” ಎನ್ನುತ್ತಿದ್ದೆ, ಸಾಲದ ಕಡತ ನೋಡುವುದನ್ನು ಕಲಿತದ್ದೂ ಅವರಿಂದಲೇ. ಒಂದಾದ ಮೇಲೆ ಇಬ್ಬರೂ ಒಂದೇ ಶಾಖೆಗೆ ಬಂದೆವು. ಹಾಜರಿ ಪುಸ್ತಕದಲ್ಲಿ ಅವರ ಹೆಸರು ನನ್ನ ಹೆಸರಿನ ಕೆಳಗೆ. ಮೊದಲ ದಿನ ಅವರು ಸಹಿ ಹಾಕಿ, ಪೆನ್ನಿಗೆ ಕ್ಯಾಪ್ ಹಾಕಿ, ನನ್ನ ಮೇಜಿನ ಮುಂದೆ ಬಂದು ನಿಂತು “ಸರ್, ಇವತ್ತು ಯಾವ ಕೌಂಟರ್?” ಎಂದು ಕೇಳಿದರು.

ನಾನು ಕೌಂಟರ್ ಹೇಳಿದೆ.